ಎವೆಯಂಚಿನ ಎಣ್ಣೆ

‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು’ ಎಂಬ ಮಾತು ನಮ್ಮ ನುಡಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ರಾತ್ರಿಯೆಲ್ಲ ಹೊಲ ಕಾಯುವ ರೈತ, ಕಾಯಿಲೆಯ ಮಗುವಿನ ತಲೆದೆಸೆಯಲ್ಲಿ ಕುಳಿತ ತಾಯಿ, ಪರೀಕ್ಷೆಯ ಕೊಠಡಿಯಲ್ಲಿ ನಿಂತ ಮೇಷ್ಟರು, ಇವರೆಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರೇ. ರೆಪ್ಪೆ ಮುಚ್ಚದಿರಲಿ, ಎಚ್ಚರ ತಪ್ಪದಿರಲಿ ಎಂಬುದು ಆ ಮಾತಿನ ಭಾವ. ಆದರೆ ಈ ಎಣ್ಣೆಯನ್ನು ನಾವು ಹೊರಗಿನಿಂದ ತಂದು ಬಿಟ್ಟುಕೊಳ್ಳಬೇಕಾಗಿಲ್ಲ. ಪ್ರಕೃತಿಯೇ ನಮ್ಮ ರೆಪ್ಪೆಗಳೊಳಗೆ ಎಣ್ಣೆಯ ಸಣ್ಣ ಸಣ್ಣ ಗಾಣಗಳನ್ನು ಹೂಡಿಟ್ಟಿದೆ. ಹಗಲೆಲ್ಲ ಅವು ತಮ್ಮ ಪಾಡಿಗೆ ತಾವು ಕಣ್ಣಿಗೆ ಎಣ್ಣೆ ಬಿಡುತ್ತಲೇ ಇರುತ್ತವೆ. ಆ ಗಾಣಗಳು ಕಟ್ಟಿಕೊಂಡಾಗ ಏನಾಗುತ್ತದೆ, ಔಷಧದ ಹನಿಗಳಿಂದ ಎಷ್ಟು ಪ್ರಯೋಜನ, ಎಷ್ಟು ಅಪಾಯ ಎಂಬುದೇ ಇಂದಿನ ಮಾತಿನ ವಿಷಯ.

ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ತುಸು ಕೆಳಕ್ಕೆ ಎಳೆದು ನೋಡಿದರೆ, ಕೂದಲು ಹುಟ್ಟುವ ಸಾಲಿನ ಹಿಂದೆ, ಕಣ್ಣುಗುಡ್ಡೆಯ ಕಡೆಗೆ, ಸೂಜಿಯ ಮೊನೆಯಿಂದ ಚುಚ್ಚಿದಂಥ ಸೂಕ್ಷ್ಮ ರಂಧ್ರಗಳ ಇನ್ನೊಂದು ಸಾಲು ಇರುತ್ತದೆ. ಒಂದೊಂದು ರಂಧ್ರವೂ ಒಂದೊಂದು ಗ್ರಂಥಿಯ ಬಾಯಿ. ಮೇಲಿನ ರೆಪ್ಪೆಯಲ್ಲಿ ಇಂಥವು ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. 1666ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದವನು ಹೈನ್ರಿಚ್ ಮೈಬೋಮ್ ಎಂಬ ಜರ್ಮನ್ ಪಂಡಿತ. ಆತನಿಗಿಂತ ಮುಂಚೆಯೇ ಇವನ್ನು ಕಂಡವರು ಇದ್ದರಾದರೂ ಹೆಸರು ನಿಂತದ್ದು ಆತನದೇ. ವೈದ್ಯರು ಇಂದಿಗೂ ಇವನ್ನು ಮೈಬೋಮಿಯನ್ ಗ್ರಂಥಿಗಳೆಂದೇ ಕರೆಯುತ್ತಾರೆ. ಹೆಲ್ಮ್‌ಸ್ಟೆಟ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಬೋಧಿಸುತ್ತಿದ್ದ ಈತ ಮುಂದೆ ಅಲ್ಲಿಯೇ ಇತಿಹಾಸ ಮತ್ತು ಕಾವ್ಯದ ಪೀಠವನ್ನೂ ವಹಿಸಿಕೊಂಡವನು. ಸಾಹಿತ್ಯದ ಮೇಷ್ಟರೊಬ್ಬ ರೆಪ್ಪೆಯ ವಿಚಾರ ಮಾತನಾಡುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ಬೇಡ.

ಈ ಎಣ್ಣೆಯ ಕೆಲಸವೇನು? ನಮ್ಮ ಕಣ್ಣುಗುಡ್ಡೆಯ ಮೇಲೆ ಸದಾ ಕಣ್ಣೀರಿನ ಒಂದು ತೆಳ್ಳನೆಯ ಪೊರೆ ಹರಡಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರರಷ್ಟು ಮಾತ್ರ. ಕೆಳಗೆ ಗುಡ್ಡೆಗೆ ಅಂಟಿಕೊಳ್ಳುವ ಲೋಳೆ, ನಡುವೆ ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಹೊದಿಕೆ. ಚನ್ನಗಿರಿಯ ಕಡೆಯವರಿಗೆ ಸೂಳೆಕೆರೆಯನ್ನು ನೆನಪಿಸಿದರೆ ಈ ಮಾತು ಬೇಗ ಮನದಟ್ಟಾಗುತ್ತದೆ. ಅಷ್ಟು ವಿಶಾಲವಾದ ಜಲರಾಶಿಯಿಂದ ಬೇಸಿಗೆಯಲ್ಲಿ ಕಾಲುವೆಗೆ ಹರಿದುಹೋಗುವ ನೀರು ಕಣ್ಣಿಗೆ ಕಾಣುತ್ತದೆ. ಬಿಸಿಲಿಗೆ ಆವಿಯಾಗುವ ನೀರು ಕಾಣುವುದಿಲ್ಲ. ಕೆರೆಯ ಮೇಲೆ ಮೇದಸ್ಸಿನಂಥ ವಸ್ತುವಿನ ಅತಿ ತೆಳುವಾದ ಪದರವನ್ನು ಹರಡಿ ಆವಿಯಾಗುವುದನ್ನು ತಡೆಯುವ ಪ್ರಯೋಗಗಳು ಕಳೆದ ಶತಮಾನದಲ್ಲಿ ಲೋಕದ ಹಲವೆಡೆ ನಡೆದವು. ನಮ್ಮ ಕಣ್ಣಿನ ಕೆರೆಯಲ್ಲಿ ಆ ಪ್ರಯೋಗ ಮನುಷ್ಯ ಹುಟ್ಟಿದಂದಿನಿಂದ ನಡೆದಿದೆ.

ಆ ಹೊದಿಕೆಯನ್ನು ಹರಡುವ ಕೈ ಎಂದರೆ ರೆಪ್ಪೆಯೇ. ಪ್ರತಿ ಸಲ ಎವೆಯಿಕ್ಕಿದಾಗಲೂ ಗ್ರಂಥಿಗಳ ಮೇಲೆ ಲಘುವಾಗಿ ಒತ್ತಡ ಬಿದ್ದು ಒಂದಿಷ್ಟು ಎಣ್ಣೆ ಹೊರಬರುತ್ತದೆ. ರೆಪ್ಪೆ ಮೇಲೇಳುವಾಗ ಅದನ್ನು ಕಣ್ಣಿನ ತುಂಬ ಸಾರಿಸುತ್ತದೆ. ನಮ್ಮ ಹಿರಿಯರು ಕಾಲವನ್ನು ಅಳೆಯಲು ರೆಪ್ಪೆಯ ಬಡಿತವನ್ನೇ ಅಳತೆಗೋಲು ಮಾಡಿಕೊಂಡರು. ‘ನಿಮಿಷ’ವೆಂದರೆ ಮೂಲದಲ್ಲಿ ಎವೆಯಿಕ್ಕುವುದು ಎಂದೇ ಅರ್ಥ. ಎವೆಯಿಕ್ಕದವರು ಅನಿಮಿಷರು. ಕೋಶಗಳಲ್ಲಿ ಈ ಶಬ್ದಕ್ಕೆ ಎರಡು ಅರ್ಥಗಳುಂಟು: ದೇವತೆಗಳು ಮತ್ತು ಮೀನುಗಳು. ದಮಯಂತಿಯ ಸ್ವಯಂವರದಲ್ಲಿ ನಳನ ರೂಪ ತಳೆದು ಕುಳಿತ ದೇವತೆಗಳನ್ನು ಆಕೆ ಗುರುತಿಸಿದ ಕುರುಹುಗಳಲ್ಲಿ ಈ ಎವೆಯಿಕ್ಕದ ಕಣ್ಣೂ ಒಂದು. ದೇವತೆಗಳ ಮಾತು ಬೇರೆ. ಮೀನು ನೀರಿನಲ್ಲೇ ಇರುವುದರಿಂದ ಅದರ ಕಣ್ಣು ಒಣಗುವ ಭಯವಿಲ್ಲ. ಗಾಳಿಯಲ್ಲಿ ಬದುಕುವ ನಮಗೆ ಮಾತ್ರ ಎವೆಯೂ ಬೇಕು, ಎವೆಯಂಚಿನ ಎಣ್ಣೆಯೂ ಬೇಕು.

ಈ ಎಣ್ಣೆ ಕೆಡುವ ಬಗೆಯನ್ನು ತುಪ್ಪದ ಉದಾಹರಣೆಯಿಂದ ತಿಳಿಯಬಹುದು. ಬೇಸಿಗೆಯಲ್ಲಿ ನೀರಿನಂತೆ ಹರಿಯುವ ತುಪ್ಪ ಮಾಗಿಯ ಚಳಿಯಲ್ಲಿ ಗಟ್ಟಿಯಾಗಿ ಸೌಟಿಗೆ ಬಾರದೆ ಹೋಗುತ್ತದಷ್ಟೆ. ಆರೋಗ್ಯವಾದ ರೆಪ್ಪೆಯ ಎಣ್ಣೆ ನಮ್ಮ ಮೈಶಾಖದಲ್ಲೇ ಕರಗಿ ತಿಳಿಯಾಗಿರುತ್ತದೆ. ವಯಸ್ಸಾದಂತೆ ಅಥವಾ ಉರಿಯೂತದಿಂದ ಅದರ ಗುಣ ಬದಲಾದಾಗ ಕರಗಲು ಇನ್ನೂ ಹೆಚ್ಚಿನ ಶಾಖ ಬೇಕಾಗುತ್ತದೆ. ಮೈಶಾಖ ಸಾಲದೆ ಎಣ್ಣೆ ಮೇಣದಂತಾಗಿ ರಂಧ್ರವನ್ನು ಮುಚ್ಚುತ್ತದೆ. ನಿಂತ ಎಣ್ಣೆಯಲ್ಲಿ ರೆಪ್ಪೆಯಂಚಿನ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅವು ಎಣ್ಣೆಯನ್ನು ಒಡೆದು ಕಣ್ಣಿಗೆ ಉರಿ ತರುವ ಆಮ್ಲಗಳನ್ನು ಹುಟ್ಟಿಸುತ್ತವೆ. ಆ ಉರಿಯಿಂದ ಊತ, ಊತದಿಂದ ಮತ್ತಷ್ಟು ಅಡಚಣೆ. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಗ್ರಂಥಿಯೇ ಸೊರಗಿ ಅಳಿದುಹೋಗುತ್ತದೆ. ಅಳಿದ ಗ್ರಂಥಿಯನ್ನು ಮತ್ತೆ ಚಿಗುರಿಸುವ ಖಚಿತವಾದ ಮದ್ದು ಇನ್ನೂ ಬಂದಿಲ್ಲ. ಕಾಲವಿರುವಾಗಲೇ ಗಮನ ಕೊಡಬೇಕೆನ್ನುವುದು ಇದಕ್ಕಾಗಿ.

ಲಕ್ಷಣಗಳು ಮೇಲುನೋಟಕ್ಕೆ ಸಾಮಾನ್ಯವಾದವು. ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುವುದು, ಅಂಚಿನಲ್ಲಿ ಗೀಜು, ಮೇಲಿಂದ ಮೇಲೆ ಏಳುವ ಕುರು, ಕ್ಷಣಕಾಲ ಅಕ್ಷರ ಮಸುಕಾಗಿ ಎವೆಯಿಕ್ಕಿದೊಡನೆ ಮತ್ತೆ ತಿಳಿಯಾಗುವುದು. ಎಲ್ಲಕ್ಕಿಂತ ವಿಚಿತ್ರವಾದುದು, ಒಣಗಿದ ಕಣ್ಣಿನಿಂದಲೇ ನೀರು ಸುರಿಯುವುದು. ‘ನನ್ನ ಕಣ್ಣು ಸದಾ ಒದ್ದೆ, ಅದು ಒಣಗಿದೆ ಎಂದರೆ ಹೇಗೆ ನಂಬಲಿ?’ ಎಂದು ಕೇಳುವವರುಂಟು. ಹೊದಿಕೆಯಿಲ್ಲದ ನೀರು ಬೇಗ ಆರುತ್ತದೆ; ಆರಿದ ಕಣ್ಣು ಕೆರಳಿ ಮತ್ತಷ್ಟು ನೀರನ್ನು ತರಿಸಿಕೊಳ್ಳುತ್ತದೆ; ಆ ನೀರೂ ನಿಲ್ಲದೆ ಕೆನ್ನೆಗಿಳಿಯುತ್ತದೆ. ಕೊರತೆ ಇರುವುದು ನೀರಿನದಲ್ಲ, ಎಣ್ಣೆಯದು.

ಓದುವ ಹವ್ಯಾಸದವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಸಲದಷ್ಟು ಬಡಿಯುವ ರೆಪ್ಪೆ, ಪುಸ್ತಕದಲ್ಲೋ ಮೊಬೈಲ್ ಫೋನಿನ ತೆರೆಯಲ್ಲೋ ಮನಸ್ಸು ನೆಟ್ಟಾಗ ಅದರ ಅರ್ಧಕ್ಕೂ ಕಡಿಮೆಯಾಗುತ್ತದೆ. ಬಡಿದರೂ ಪೂರ್ತಿ ಮುಚ್ಚುವುದಿಲ್ಲ. ನಾಲ್ಕು ದಶಕ ಹಳಗನ್ನಡದ ಸಣ್ಣಕ್ಷರಗಳೊಡನೆ ಬಾಳುವೆ ಮಾಡಿದ ನನಗೂ ಈ ತೊಂದರೆ ಬಂದಿದೆ. ದಾವಣಗೆರೆಯ ನೇತ್ರವೈದ್ಯರೊಬ್ಬರು ದೀಪದ ಯಂತ್ರದ ಮುಂದೆ ನನ್ನನ್ನು ಕೂರಿಸಿ ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿ ನೋಡಿದರು. ತಿಳಿ ಹನಿ ಬರಬೇಕಾದಲ್ಲಿ ಶ್ಯಾವಿಗೆಯ ಒರಳಿನಿಂದ ಇಳಿಯುವ ಎಳೆಯಂತೆ ಬಿಳಿಯ ದಾರ ಬಂದಿತೆಂದು ಹೇಳಿದರು. ಓದು ಬರಹವೇ ಉಸಿರಾದವನಿಗೆ ಇದು ಸಣ್ಣ ಮಾತಾಗಿ ತೋರಲಿಲ್ಲ.

ನಮ್ಮ ಸೀಮೆಯ ದುಡಿಮೆಯೂ ಕಣ್ಣಿಗೆ ಮೃದುವಾದುದಲ್ಲ. ಚನ್ನಗಿರಿಯ ಅಡಿಕೆಯ ಕಾಲದಲ್ಲಿ ಸುಲಿಯುವವರು, ಬೇಯಿಸುವವರು ಹಂಡೆಯ ಹೊಗೆ ಮತ್ತು ಆವಿಯ ಎದುರು ಗಂಟೆಗಟ್ಟಲೆ ಕೂರುತ್ತಾರೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಭತ್ತ ಮತ್ತು ಮೆಕ್ಕೆಜೋಳದ ಒಕ್ಕಣೆಯ ಹೊತ್ತಿಗೆ ಹೊಟ್ಟು ಹಾರುತ್ತದೆ. ಜಗಳೂರಿನ ಬಯಲಿನಲ್ಲಂತೂ ಮಳೆ ಕಡಿಮೆ. ಒಣಗಾಳಿಯೂ ಧೂಳೂ ವರ್ಷದ ಬಹುಭಾಗ ಇದ್ದೇ ಇರುತ್ತವೆ. ಹೊಗೆ, ಧೂಳು, ಒಣಗಾಳಿ ಈ ರೋಗದ ಏಕೈಕ ಕಾರಣವೆಂದು ನಾನು ಹೇಳುತ್ತಿಲ್ಲ. ಎಣ್ಣೆಯ ಹೊದಿಕೆ ಹರಿದ ಕಣ್ಣಿಗೆ ಇವು ಗಾಯದ ಮೇಲಿನ ಉಪ್ಪು ಎಂದಷ್ಟೇ ಹೇಳುತ್ತೇನೆ.

ಇಷ್ಟಾದರೂ ನಮ್ಮಲ್ಲಿ ಇದಕ್ಕೆ ವೈದ್ಯರ ಬಳಿಗೆ ಹೋಗುವವರು ವಿರಳ. ನಮ್ಮ ಕಡೆಯ ಜನ ಕಣ್ಣಿನ ರೋಗವೆಂದರೆ ಪೊರೆ ಎಂದೇ ಕಲಿತವರು. ದಾವಣಗೆರೆಯಲ್ಲಿ ನೆಲೆಸಿ ಊರೂರು ಸುತ್ತಿ ಶಿಬಿರ ನಡೆಸಿದ, ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಮಾಡಿ ಹೆಸರಾದ ಡಾ. ಎಂ. ಸಿ. ಮೋದಿಯವರು 2005ರಲ್ಲಿ ತೀರಿಕೊಂಡರು. ಅವರ ಕೈಯಿಂದ ಬೆಳಕು ಕಂಡವರ ಮನೆಗಳು ಈ ಸೀಮೆಯಲ್ಲಿ ಇನ್ನೂ ಎಷ್ಟೋ ಇವೆ. ಅಂಥ ಪವಾಡವನ್ನು ಕಂಡವರಿಗೆ ರೆಪ್ಪೆಯ ಉರಿ ರೋಗವೆನಿಸುವುದಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಔಷಧದ ಅಂಗಡಿಯಲ್ಲಿ ‘ಕಣ್ಣುರಿಗೆ ಒಂದು ಡ್ರಾಪ್ಸ್ ಕೊಡಿ’ ಎಂದರೆ ಮುಗಿಯಿತು. ಅಪಾಯ ಇರುವುದು ಅಲ್ಲಿಯೇ.

ಹನಿಗಳ ವಿಷಯಕ್ಕೆ ಬರುವ ಮುನ್ನ ಹನಿಗಿಂತ ಮೊದಲು ಮಾಡಬೇಕಾದುದನ್ನು ಹೇಳಬೇಕು. ಅದು ಶಾಖ. ತುಪ್ಪ ಗಟ್ಟಿಯಾದರೆ ನಾವು ಪಾತ್ರೆಯನ್ನು ಬೆಚ್ಚಗೆ ಮಾಡುತ್ತೇವೆಯೇ ಹೊರತು ಮೇಲೆ ನೀರು ಸುರಿಯುವುದಿಲ್ಲ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಂಗೈಯ ಒಳಭಾಗಕ್ಕೆ ಮುಟ್ಟಿಸಿ ಸುಡುವುದಿಲ್ಲವೆಂದು ನೋಡಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಬೇಕಾದ ಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್. ಬಟ್ಟೆ ಎರಡು ನಿಮಿಷದಲ್ಲಿ ಆರುವುದರಿಂದ ಮತ್ತೆ ಮತ್ತೆ ಬಿಸಿ ಮಾಡಿಕೊಳ್ಳಬೇಕು. ಅನಂತರ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಎರಡನ್ನೂ ಕೂದಲಿನ ಸಾಲಿನ ಕಡೆಗೆ ಬೆರಳ ತುದಿಯಿಂದ ಮೆಲ್ಲಗೆ ನೀವಬೇಕು. ಕರಗಿ ಬಂದ ಜಿಡ್ಡನ್ನು ಒದ್ದೆ ಹತ್ತಿಯಿಂದ ಒರೆಸಬೇಕು. ದಿನಕ್ಕೆ ಎರಡು ಸಲ, ಕೆಲವು ವಾರಗಳವರೆಗೆ. ಆಮೇಲೆ ಹಲ್ಲುಜ್ಜುವಂತೆ ನಿತ್ಯದ ರೂಢಿಯಾಗಿ. ಬಾಣಂತಿಗೆ, ಉಳುಕಿದ ಕಾಲಿಗೆ ಶಾಖ ಕೊಟ್ಟು ಬಲ್ಲ ನಮ್ಮ ಮನೆಗಳಿಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ಹನಿಗಳು. ಕಣ್ಣಿಗೆ ಔಷಧವನ್ನು ಹನಿಸುವ ಕ್ರಮ ನಮ್ಮಲ್ಲಿ ಪ್ರಾಚೀನವಾದುದೇ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ 76 ನೇತ್ರರೋಗಗಳ ಎಣಿಕೆಯಿದೆ. ಅವುಗಳಲ್ಲಿ 21 ರೆಪ್ಪೆಗೆ ಸಂಬಂಧಿಸಿದವು. ಹನಿಸುವ ಚಿಕಿತ್ಸೆಗೆ ಅಲ್ಲಿರುವ ಹೆಸರು ಆಶ್ಚ್ಯೋತನ. ಇಂದಿನ ಗ್ರಂಥಿಶಾಸ್ತ್ರವೆಲ್ಲ ಅಲ್ಲಿತ್ತೆಂದು ನಾನು ಸಾಧಿಸಹೊರಟಿಲ್ಲ. ರೆಪ್ಪೆಯನ್ನೇ ಒಂದು ಪ್ರತ್ಯೇಕ ರೋಗಸ್ಥಾನವೆಂದು ಎಣಿಸಿದ ಆ ವಿವೇಕವನ್ನು ಮಾತ್ರ ಮೆಚ್ಚಬೇಕು. ರೆಪ್ಪೆಯ ಎಣ್ಣೆಗ್ರಂಥಿಗಳ ವೈಫಲ್ಯಕ್ಕೆ ಆಧುನಿಕ ವೈದ್ಯರು ಪ್ರತ್ಯೇಕವಾದ ಹೆಸರು ಕೊಟ್ಟದ್ದು 1980ರಲ್ಲಿ.

ವೈದ್ಯರು ಬರೆಯುವ ಹನಿಗಳಲ್ಲಿ ಮೊದಲನೆಯವು ಕೃತಕ ಕಣ್ಣೀರು. ಇವು ನೀರಿನ ಕೊರತೆಯನ್ನು ತುಂಬಿ ತಂಪು ನೀಡುತ್ತವೆ. ಗ್ರಂಥಿಯ ಬಾಯನ್ನು ತೆರೆಯುವ ಶಕ್ತಿ ಇವಕ್ಕಿಲ್ಲ. ದಿನಕ್ಕೆ ಹಲವು ಸಲ ಹಾಕಿಕೊಳ್ಳುವವರು ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವಿಲ್ಲದವುಗಳನ್ನು ಕೇಳಿ ಪಡೆಯುವುದು ಮೇಲು, ಏಕೆಂದರೆ ಆ ಸಂರಕ್ಷಕವೇ ಬಹುಕಾಲದ ಬಳಕೆಯಲ್ಲಿ ಕಣ್ಣಿನ ಮೇಲ್ಪದರವನ್ನು ಕೆರಳಿಸಬಲ್ಲದು. ಎರಡನೆಯವು ಎಣ್ಣೆ ಬೆರೆತ ಹನಿಗಳು. 2002ರಲ್ಲಿ ಜಪಾನಿನ ವೈದ್ಯರು ಗ್ರಂಥಿಯ ಬಾಯಿ ಕಟ್ಟಿದ ರೋಗಿಗಳಿಗೆ ಅತ್ಯಲ್ಪ ಪ್ರಮಾಣದ ಹರಳೆಣ್ಣೆಯನ್ನು ನೀರಿನಲ್ಲಿ ಹದವಾಗಿ ಬೆರೆಸಿದ ಹನಿಗಳನ್ನು ಕೊಟ್ಟು ಗುಣ ಕಂಡುದನ್ನು ಪ್ರಕಟಿಸಿದರು. ನಮ್ಮ ಅಜ್ಜಿಯರ ಹರಳೆಣ್ಣೆಗೆ ಮರ್ಯಾದೆ ಬಂತೆಂದು ಹಿಗ್ಗುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಬಳಸಿದ್ದು ಕ್ರಿಮಿರಹಿತವಾಗಿ ಸಿದ್ಧಪಡಿಸಿದ ಔಷಧ; ಗಾಣದಿಂದ ತಂದ ಸೀಸೆಯ ಎಣ್ಣೆಯಲ್ಲ. ಮನೆಯ ಎಣ್ಣೆ, ಜೇನು, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬಾರದು.

ಮೂರನೆಯದು ಅಜಿತ್ರೊಮೈಸಿನ್. 1980ರಲ್ಲಿ ಇಂದಿನ ಕ್ರೊಯೇಷಿಯಾದ ಜಾಗ್ರೆಬ್ ನಗರದಲ್ಲಿ ಕಂಡುಹಿಡಿದ ಈ ಜೀವಿರೋಧಕದ ನೂರಕ್ಕೆ ಒಂದರ ಪ್ರಮಾಣದ ಹನಿಗೆ 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು ಕಣ್ಣಿನ ಸೋಂಕಿಗಾಗಿ. ಇದು ರೆಪ್ಪೆಯ ಅಂಗಾಂಶದಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಕ್ರಿಮಿಗಳನ್ನು ಅಡಗಿಸುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ಎಣ್ಣೆಯ ಹದವನ್ನು ಸುಧಾರಿಸುತ್ತದೆಂದೂ ಪರೀಕ್ಷೆಗಳು ತೋರಿಸಿವೆ. ಆದಕಾರಣ ವೈದ್ಯರು ರೆಪ್ಪೆಯ ರೋಗಕ್ಕೂ ಇದನ್ನು ಬಳಸತೊಡಗಿದರು. ಸಾಮಾನ್ಯವಾಗಿ ಮೊದಲ ಎರಡು ದಿನ ಎರಡು ಹೊತ್ತು, ಬಳಿಕ ದಿನಕ್ಕೊಮ್ಮೆ, ಎರಡರಿಂದ ನಾಲ್ಕು ವಾರ. ಹಾಕಿದಾಗ ತುಸು ಉರಿಯುತ್ತದೆ, ದೃಷ್ಟಿ ಕೊಂಚ ಮಂಜಾಗುತ್ತದೆ. ಕೆಲವರಿಗೆ ಹನಿಗೆ ಬದಲಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದೂ ಉಂಟು. ಜೀವಿರೋಧಕವನ್ನು ನಡುವೆ ನಿಲ್ಲಿಸುವುದೂ ತಪ್ಪು, ಸ್ವಂತ ಇಚ್ಛೆಯಿಂದ ಮುಂದುವರಿಸುವುದೂ ತಪ್ಪು.

2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರಡು ಹೊಸ ಹನಿಗಳು ಕುತೂಹಲಕರವಾಗಿವೆ. ಒಂದು ಪರ್‌ಫ್ಲುರೊಹೆಕ್ಸಿಲಾಕ್ಟೇನ್. ಇದರಲ್ಲಿ ನೀರೇ ಇಲ್ಲ. ಎಣ್ಣೆಯ ಹೊದಿಕೆ ಹರಿದಲ್ಲಿ ತಾನೇ ಹೊದಿಕೆಯಾಗಿ ಹರಡಿ ಆವಿಯಾಗುವುದನ್ನು ತಡೆಯುತ್ತದೆ. ಇನ್ನೊಂದು ಲೊಟಿಲಾನರ್. ರೆಪ್ಪೆಗೂದಲಿನ ಬುಡದಲ್ಲಿ ವಾಸಿಸುವ, ಬರಿಗಣ್ಣಿಗೆ ಕಾಣದ ಡೆಮೊಡೆಕ್ಸ್ ಎಂಬ ನುಸಿಯನ್ನು ಕೊಲ್ಲಲು ಇದನ್ನು ಆರು ವಾರ ಬಳಸುತ್ತಾರೆ. ನಾಯಿಗಳ ಉಣ್ಣೆಗೆ ಕೊಡುತ್ತಿದ್ದ ಮದ್ದೇ ಸಂಸ್ಕಾರ ಹೊಂದಿ ಮನುಷ್ಯನ ಕಣ್ಣಿಗೆ ಬಂದಿದೆ.

ಕೊನೆಯದಾಗಿ ಸ್ಟಿರಾಯ್ಡ್ ಹನಿಗಳು. ನಾನು ಈ ಮಾತನ್ನೆಲ್ಲ ಆಡಲು ನಿಜವಾದ ಕಾರಣ ಇವೇ. ಉರಿಯೂತ ಬಹಳವಾದಾಗ ವೈದ್ಯರು ಕೆಲವು ದಿನಗಳ ಮಟ್ಟಿಗೆ ಇವನ್ನು ಕೊಡುತ್ತಾರೆ, ಕಣ್ಣಿನ ಒತ್ತಡವನ್ನು ಅಳೆಯುತ್ತಾರೆ, ನಿಲ್ಲಿಸುತ್ತಾರೆ. ಅಂಗಡಿಯ ‘ಕಣ್ಣುರಿಯ ಡ್ರಾಪ್ಸ್’ಗಳಲ್ಲಿ ಎಷ್ಟೋ ಜೀವಿರೋಧಕದ ಜೊತೆ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಬೆರೆತವು. ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದ್ದರೂ ಕೇಳಿದವರಿಗೆ ಸಿಗುತ್ತವೆ. ಹಾಕಿದ ದಿನವೇ ಕೆಂಪು ಇಳಿದು ಕಣ್ಣು ಬೆಳ್ಳಗಾಗುತ್ತದೆ. ರೋಗಿಗೆ ಇದೇ ಅಮೃತವೆನಿಸುತ್ತದೆ. ಆದರೆ ವಾರಗಟ್ಟಲೆ ಬಳಸಿದವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಕೆಲವರಲ್ಲಿ ಅದು ಬಹಳ ಏರಿ, ನೋವಿಲ್ಲದೆ, ಸದ್ದಿಲ್ಲದೆ, ನೋಟದ ಅಂಚಿನಿಂದ ಕತ್ತಲೆ ಕವಿಯುತ್ತ ಬರುತ್ತದೆ. ಇದೇ ಗ್ಲಾಕೋಮಾ. ಪೊರೆಯೂ ಅಕಾಲದಲ್ಲಿ ಬೆಳೆಯಬಹುದು. ಪೊರೆಯನ್ನು ತೆಗೆಯಬಹುದು, ಗ್ಲಾಕೋಮಾದಿಂದ ಸತ್ತ ದೃಷ್ಟಿನರವನ್ನು ಯಾರೂ ಎಬ್ಬಿಸಲಾರರು. ನನ್ನ ಪರಿಚಯದ ಹಿರಿಯರೊಬ್ಬರು, ಅಡಿಕೆ ತೋಟದವರು, ರೆಪ್ಪೆಯ ಉರಿಗೆಂದು ಇಂಥದೊಂದು ಸೀಸೆಯನ್ನು ವರ್ಷಕ್ಕೂ ಮೇಲ್ಪಟ್ಟು ಜೇಬಿನಲ್ಲಿಟ್ಟುಕೊಂಡಿದ್ದರು. ಇಂದು ಅವರಿಗೆ ಎದುರಿನವರ ಮುಖ ಕಾಣುತ್ತದೆ, ಪಕ್ಕದಲ್ಲಿ ಕುಳಿತ ಮೊಮ್ಮಗು ಕಾಣುವುದಿಲ್ಲ. ಅವರ ಮೂಲರೋಗಕ್ಕೆ ಬೇಕಾಗಿದ್ದುದು ಬಿಸಿನೀರು ಮತ್ತು ಒಂದು ತುಂಡು ಬಟ್ಟೆ.

ಹನಿ ಹಾಕಿಕೊಳ್ಳುವುದಕ್ಕೂ ಕ್ರಮವುಂಟು. ಕೈ ತೊಳೆದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಎಳೆದು, ಅಲ್ಲಿ ಏರ್ಪಡುವ ಜೋಳಿಗೆಯಲ್ಲಿ ಒಂದೇ ಹನಿ ಬಿಡಬೇಕು. ಸೀಸೆಯ ತುದಿ ಎವೆಗೆ ತಾಗಬಾರದು. ಕಣ್ಣಿನಲ್ಲಿ ಒಂದು ಹನಿಗೇ ಪೂರ್ತಿ ಸ್ಥಳವಿಲ್ಲ. ಎರಡನೆಯದು ಕೆನ್ನೆಯ ಪಾಲು. ಬಳಿಕ ಎರಡು ನಿಮಿಷ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕೊನೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷವಾದರೂ ಬಿಡುವಿರಲಿ. ಸೀಸೆ ತೆರೆದ ದಿನವನ್ನು ಅದರ ಮೇಲೆ ಬರೆದಿಡಿ. ತೆರೆದ ಸೀಸೆಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗೆ ಮೇಲೆ ಬಳಸಬಾರದು. ಒಬ್ಬರ ಸೀಸೆ ಇನ್ನೊಬ್ಬರ ಕಣ್ಣಿಗೆ ಬೇಡ.

ಎರಡು ವಾರ ಶಾಖ ಕೊಟ್ಟರೂ ಉರಿ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೋ ದಾವಣಗೆರೆಯಲ್ಲೋ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಣ್ಣು ನೋವು, ಬೆಳಕನ್ನು ಸಹಿಸಲಾಗದಿರುವುದು, ದೃಷ್ಟಿ ಕುಂದುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಗಂಟಾಗುವುದು, ಇವಿದ್ದರೆ ಒಂದು ದಿನವೂ ಕಾಯಬಾರದು. ಹೋಗುವಾಗ ಮನೆಯಲ್ಲಿರುವ ಹಳೆಯ ಸೀಸೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅವುಗಳಲ್ಲಿ ಏನಿದೆ, ಎಷ್ಟು ದಿನ ಹಾಕಿಕೊಂಡಿರಿ ಎಂಬುದನ್ನು ಬಾಯಿಮಾತಿಗಿಂತ ಆ ಸೀಸೆಗಳೇ ವೈದ್ಯರಿಗೆ ನಿಖರವಾಗಿ ಹೇಳುತ್ತವೆ.

(ಆಕಾಶವಾಣಿಯ ಸೌಜನ್ಯದಿಂದ)